ನಲವತ್ತೊಂದು ಸಾವಿರದ ಮುನ್ನೂರು

ಇದು ನಡೆದ ಸಂಗತಿ. ಸುಳ್ಳಾಗಿದ್ದರೆ, ನಂಜನಗೂಡು ಬಸ್ ಸ್ಟ್ಯಾಂಡ್ ಪಕ್ಕದ ನಂಜೇಶನ ಮೊಬೈಲ್ ಅಂಗಡಿಯಲ್ಲಿ ನೇತುಹಾಕಿರುವ ಚಾರ್ಜರುಗಳೆಲ್ಲ ಒರಿಜಿನಲ್ ಎಂದು ತಿಳಿದುಕೊಳ್ಳಬಹುದು.

ನಂಜೇಶ ಬಿ.ಎಸ್ಸಿ. ಓದಿದವನು. ರಿಪೇರಿಯಲ್ಲಿ ಕೈ ಚುರುಕು. ಆದರೆ ಊರಿನಲ್ಲಿ ಅವನಿಗೆ ಹೆಸರು ತಂದುಕೊಟ್ಟದ್ದು ಗಂಟಲು. ತಾಲ್ಲೂಕು ಆಫೀಸಿನ ಸಾಹೇಬರಿಂದ ಹಿಡಿದು ಈರುಳ್ಳಿ ಗಾಡಿಯ ಮೈಕಿನವರೆಗೆ ಯಾವ ದನಿ ಬೇಕಾದರೂ ಅದರೊಳಗಿಂದ ಬರುತ್ತಿತ್ತು. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ ಬೀಜ-ಗೊಬ್ಬರದ ಅಂಗಡಿಯ ಬಸವಪ್ರಸಾದನೂ ಆಟೊ ಓಡಿಸುವ ಚೆಲುವರಾಜುವೂ ಬಂದು ಅವನ ಕೌಂಟರಿಗೆ ಮೊಣಕೈ ಊರುತ್ತಿದ್ದರು.

ಆ ಬುಧವಾರ ಚೆಲುವರಾಜು ಫೋನಿನಲ್ಲಿ ಯಾರನ್ನೋ ಅಟ್ಟಿಸಿಕೊಂಡು ಗುಂಡು ಹಾರಿಸುತ್ತಿದ್ದ.

"ನಲವತ್ತಾಯ್ತು ಕಣ್ಲಾ ನಿಂಗೆ, ನಾಚ್ಕೆ ಆಗಲ್ವ?" ಎಂದ ಬಸವಪ್ರಸಾದ್. "ಗೇಮ್ ಅನ್ನೋದು ಕೆಲ್ಸ ಇಲ್ದೋರ ಕೆಲ್ಸ."

"ನೀನು ಅಂಗ್ಡೀಲಿ ಕುಂತು ದಿನಾ ನೊಣ ಹೊಡೀತೀಯಲ್ಲ, ಅದು ಯಾವ ಲೆವೆಲ್ಲು?"

ನಗು ಇನ್ನೂ ನಿಂತಿರಲಿಲ್ಲ, ಬಿಳಿ ಅಂಗಿಯ ಯಜಮಾನರೊಬ್ಬರು ಮೆಟ್ಟಿಲು ಹತ್ತಿದರು. ಟವೆಲ್ಲಿನ ಮಡಿಕೆ ಬಿಡಿಸಿ ಒಂದು ಬ್ರಿಕ್ ಗೇಮನ್ನು ಗಾಜಿನ ಮೇಲಿಟ್ಟರು. ಬೂದು ಬಣ್ಣದ, ಅಂಗೈ ತುಂಬುವ ಪ್ಲಾಸ್ಟಿಕ್ಕು. ಮೇಲಿನಿಂದ ಇಟ್ಟಿಗೆಯ ಚೂರುಗಳು ಬೀಳುತ್ತವೆ, ಅವನ್ನು ತಿರುಗಿಸಿ ಜೋಡಿಸಿ ಸಾಲು ತುಂಬಿಸಬೇಕು. ನಂಜೇಶ ಐದನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಕಿತ್ತುಕೊಂಡಿದ್ದು ಇಂಥದ್ದನ್ನೇ.

"ಎಡಗಡೆ ಬಟನ್ ಒತ್ತುದ್ರೆ ಮಾತು ಕೇಳಲ್ಲ ಕಣಪ್ಪ," ಎಂದರು. ಹೆಸರು ಚಿಕ್ಕಸ್ವಾಮಿ, ಊರು ಹೆಮ್ಮಿಗೆ. "ನರಸೀಪುರದಲ್ಲಿ ನಾಕು ಅಂಗ್ಡಿ ತಿರುಗ್ದೆ. ಎಲ್ಲಾ ಬಿಸಾಕಿ ಅಂದ್ರು. ಒಂದ್ ಮಾತು. ರಿಪೇರಿ ಮಾಡ್ವಾಗ ಸೆಲ್ ತೆಗೀಬಾರ್ದು."

"ಸೆಲ್ ತೆಗೀದೆ ಬಿಚ್ಚೋದು ಎಂಗೆ ಗೌಡ್ರೇ? ತೆಗುದ್ರೆ ಜೀವ ಹೋಗ್ಬುಡತ್ತಾ?"

"ಊಂ," ಎಂದರು ಚಿಕ್ಕಸ್ವಾಮಿ. ನಗಲಿಲ್ಲ. "ಊಟ ಮಾಡ್ಕೊಂಡು ಬತ್ತೀನಿ."

ಅವರು ಇಳಿದು ಹೋಗುತ್ತಲೇ ಕೌಂಟರಿನಲ್ಲಿ ಹಬ್ಬ. ಮೊಮ್ಮಗನಿಗಿರಬೇಕು ಎಂದ ಒಬ್ಬ. ಮೊಮ್ಮಗ ಇದನ್ನು ಕಾಲಿನಲ್ಲೂ ಮುಟ್ಟಲ್ಲ, ಗೌಡರದ್ದೇ ಎಂದ ಇನ್ನೊಬ್ಬ. ನಂಜೇಶ ಕೆಲಸವನ್ನು ಮಾತ್ರ ನೆಟ್ಟಗೆ ಮಾಡಿದ. ಹೊರಗಿನಿಂದ ಎರಡು ವೈರು ಕೊಟ್ಟು, ಕರೆಂಟು ಒಂದು ಕ್ಷಣವೂ ತಪ್ಪದಂತೆ ನೋಡಿಕೊಂಡು ಬಿಚ್ಚಿದ. ಬಟನ್ನಿನ ಕೆಳಗಿನ ರಬ್ಬರು ತೂತಾಗುವಷ್ಟು ಸವೆದಿತ್ತು. ಬೇರೆ ಹಾಕಿ, ಸೆಲ್ ಮತ್ತೆ ಕೂರಿಸಿ ಮುಚ್ಚಿದ. ಅಲ್ಲಿಗೇ ನಿಲ್ಲಿಸಬಹುದಿತ್ತು.

"ಸುಮ್ನೆ ಕೊಟ್ ಕಳಿಸ್ತೀಯ?" ಎಂದ ಚೆಲುವರಾಜು.

ಅಷ್ಟು ಸಾಕಾಯಿತು. ನಂಜೇಶ ಎರಡು ಸೆಲ್ಲನ್ನೂ ಕಿತ್ತು ಪಕ್ಕಕ್ಕಿಟ್ಟ. ಬ್ರಿಕ್ ಗೇಮನ್ನು ಅಂಗಾತ ಮಲಗಿಸಿ ಕತ್ತಿನವರೆಗೆ ಬಿಳಿ ಕರ್ಚೀಫು ಹೊದಿಸಿದ. ಗೋಡೆಯ ದೇವರ ಪಟದಿಂದ ಒಂದು ಕಣಗಿಲೆ ತೆಗೆದು ಮೇಲಿಟ್ಟ. ಚಿಕ್ಕಸ್ವಾಮಿ ವಾಪಸು ಬಂದಾಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ದೊಡ್ಡಾಸ್ಪತ್ರೆಯ ಡಾಕ್ಟರ ದನಿ ತೆಗೆದ. ಅರ್ಧ ಇಂಗ್ಲಿಷು, ಅರ್ಧ ಅವಸರ.

"ಸಾರಿ. ನಮ್ ಕೈಲಾದ ಪ್ರಯತ್ನ ಎಲ್ಲಾ ಮಾಡಿದ್ವಿ. ಬಾಡಿ ರೆಸ್ಪಾಂಡ್ ಮಾಡ್ಲಿಲ್ಲ. ಯಾರು ನೀವು, ಹಸ್ಬೆಂಡಾ?"

ಬಸವಪ್ರಸಾದ್ ಬಾಯಿಗೆ ಕೈ ಅಡ್ಡ ಹಿಡಿದ. ಚಿಕ್ಕಸ್ವಾಮಿಯ ಮುಖದಲ್ಲಿ ಸಿಟ್ಟು ಬರಲಿಲ್ಲ. ಅವರು ನಿಂತಲ್ಲೇ ಸ್ಟೂಲನ್ನು ಕೈಯಲ್ಲಿ ತಡಕಿ ಕುಳಿತರು. ಕುಳಿತ ರೀತಿಗೇ ಚೆಲುವರಾಜುವಿನ ನಗು ಅರ್ಧಕ್ಕೆ ನಿಂತಿತು.

"ತಮಾಷೆ ಗೌಡ್ರೇ, ತಮಾಷೆ! ಇಲ್ನೋಡಿ, ಬದುಕ್ತು," ಎಂದು ನಂಜೇಶ ಗಡಿಬಿಡಿಯಲ್ಲಿ ಸೆಲ್ ತುರುಕಿದ. ಅದು ತನ್ನ ಪೀಪಿ ರಾಗವನ್ನು ಊದಿಕೊಂಡು ಎದ್ದಿತು. ಚಿಕ್ಕಸ್ವಾಮಿ ಅದನ್ನು ಕಣ್ಣ ಹತ್ತಿರಕ್ಕೆ ಹಿಡಿದು ಬಲಮೂಲೆಯ ಹೈ ಸ್ಕೋರ್ ನೋಡಿದರು.

"ಸೊನ್ನೆ ಆಗೋಯ್ತಲ್ಲಪ್ಪ."

ಆಮೇಲೆ ಅವರು ಹೇಳಿದ್ದು ಬಹಳ ಮಾತೇನಲ್ಲ. ಹೆಂಡತಿ ಪುಟ್ಟಲಕ್ಷ್ಮಿಗೆ ಮೈಸೂರಿನಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸುತ್ತಿದ್ದರು. ನಾಲ್ಕು ಗಂಟೆ ಮಲಗಿರಬೇಕಿತ್ತು. ಎಡಗೈಗೆ ಸೂಜಿ. ಮಗಳು ಶಾಲಿನಿ ತಗಡೂರಿನ ಗಂಡನ ಮನೆಯ ಅಟ್ಟದಲ್ಲಿ ಸಿಕ್ಕಿದ ಇದನ್ನು ತಂದುಕೊಟ್ಟಿದ್ದಳು. ಪುಟ್ಟಲಕ್ಷ್ಮಿ ಅದನ್ನು ಎದೆಯ ಮೇಲಿಟ್ಟುಕೊಂಡು ಬಲಗೈಯ ಒಂದೇ ಬೆರಳಿನಲ್ಲಿ ಆಡುತ್ತಿದ್ದಳು.

"ನಾನು ಬಯ್ಯೋನು. ಮುದುಕಿ ಆದ್ಮೇಲೆ ಇದೆಂಥ ಮಕ್ಳಾಟ ಅಂತ. ಮೈಯಂತೂ ನನ್ ಮಾತು ಕೇಳಲ್ಲ, ಇದಾದ್ರೂ ಕೇಳ್ಲಿ ಬುಡಿ ಅನ್ನೋಳು." ಅವರು ಕಣಗಿಲೆಯನ್ನು ಎತ್ತಿ ಪಟದ ಕಡೆ ನೋಡಿ, ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. "ಅವ್ಳ ಸ್ಕೋರು ನಲವತ್ತೊಂದು ಸಾವ್ರದ ಮುನ್ನೂರು ಇತ್ತು. ಸೆಲ್ ತೆಗುದ್ರೆ ಅಳ್ಸೋಯ್ತದೆ. ಶಾಲಿನಿ ಬಂದಾಗೆಲ್ಲ ಮೊದ್ಲು ಇದನ್ನೇ ಆನ್ ಮಾಡಿ ನೋಡೋದು. ಬರೋ ಬುಧವಾರ ನಮ್ಮನೆಯೋಳ ವರ್ಷದ ತಿಥಿ. ಮಗ್ಳಿಗೆ ಏನಂತ ಯೋಳ್ಲಿ?"

"ಬಿಟ್ಟೋಗಿ ಗೌಡ್ರೇ," ಎಂದ ನಂಜೇಶ. "ಒಳಗೆ ಮೆಮೊರೀಲಿ ಇರತ್ತೆ. ತೆಗೆದ್ಕೊಡ್ತೀನಿ."

ಒಳಗೆ ಏನೂ ಇರುವುದಿಲ್ಲ ಎಂಬುದು ಬಿ.ಎಸ್ಸಿ. ಓದಿದವನಿಗೆ ಗೊತ್ತಿತ್ತು.

ಮರುದಿನದಿಂದ ನಂಜೇಶನ ಅಂಗಡಿಯಲ್ಲಿ ಮಿಮಿಕ್ರಿ ಇಲ್ಲ. ಆ ಸ್ಕೋರನ್ನು ತಾನೇ ಆಡಿ ತರಲು ಬ್ರಿಕ್ ಗೇಮ್ ಹಿಡಿದು ಕೂತ. ಸ್ಕ್ರೀನ್ ಗಾರ್ಡ್ ಹಾಕಿಸಿಕೊಳ್ಳಲು ಬಂದವರು ಕಾದು ಕಾದು ಪಕ್ಕದ ಅಂಗಡಿಗೆ ಹೋದರು. ಒಂದು ಸಾಲು ತುಂಬಿದರೆ ನೂರು, ಒಟ್ಟಿಗೆ ನಾಲ್ಕು ತುಂಬಿದರೆ ಸಾವಿರದ ಐನೂರು. ಹದಿನೈದು ಸಾವಿರ ದಾಟಿದರೆ ಚೂರುಗಳು ಮಳೆಯಂತೆ ಸುರಿಯುತ್ತಿದ್ದವು. ಮೂರು ದಿನ ಅವನ ಆಟ ಅಲ್ಲೇ ಸತ್ತಿತು. ನಾಲ್ಕನೇ ದಿನ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಬೆರಳಿನಲ್ಲಿ ಆಡಿ ನೋಡಿದ. ಎರಡು ಸಾವಿರವೂ ಆಗಲಿಲ್ಲ. ಆ ಹೆಂಗಸು ಹೇಗೆ ಆಡುತ್ತಿದ್ದಳೋ ಎಂದುಕೊಂಡು ಮತ್ತೆ ಎರಡೂ ಕೈಯಲ್ಲಿ ಹಿಡಿದ.

ಸೋಮವಾರ ಅವನಿಗೆ ನಲವತ್ತೊಂದು ಸಾವಿರದ ಏಳುನೂರು ಬಂತು. ಚೆಲುವರಾಜು ಶಿಳ್ಳೆ ಹಾಕಿದ. ನಾನೂರು ಜಾಸ್ತಿ. ನಂಜೇಶ ಸೆಲ್ ಕಿತ್ತು, ಸೊನ್ನೆ ಮಾಡಿ, ಮತ್ತೆ ಶುರು ಮಾಡಿದ. ಮಂಗಳವಾರ ಸಂಜೆ ನಲವತ್ತು ಸಾವಿರದ ಒಂಬೈನೂರು ತಲುಪಿದ. ಒಂದೊಂದೇ ಸಾಲು. ನೂರು, ನೂರು, ನೂರು, ನೂರು. ಮುನ್ನೂರು ಎಂದು ಕಂಡದ್ದೇ ಕೈ ಎತ್ತಿಬಿಟ್ಟ. ಇಟ್ಟಿಗೆಗಳು ತಮ್ಮಷ್ಟಕ್ಕೆ ಬಿದ್ದು ಮೇಲಿನ ತನಕ ತುಂಬಿಕೊಂಡವು.

ಬುಧವಾರ ಬೆಳಿಗ್ಗೆ ಬೈಕಿನಲ್ಲಿ ನರಸೀಪುರದ ಮೇಲೆ ಹೆಮ್ಮಿಗೆಗೆ ಹೋದ. ಚಿಕ್ಕಸ್ವಾಮಿ ಕೊಟ್ಟಿಗೆಯ ಮುಂದೆ ಬಾಳೆಲೆ ಒರೆಸುತ್ತಿದ್ದರು. ಕೈ ಒರೆಸಿಕೊಂಡು ಬ್ರಿಕ್ ಗೇಮ್ ತೆಗೆದುಕೊಂಡರು.

"ಮೆಮೊರೀಲೇ ಇತ್ತು ಗೌಡ್ರೇ."

ಅವರು ಆನ್ ಮಾಡಿ ನೋಡಿದರು. ಅವನ ಹೆಬ್ಬೆರಳನ್ನೂ ನೋಡಿದರು. ಅದರ ತುದಿಯಲ್ಲಿ ಬೊಬ್ಬೆ ಎದ್ದಿತ್ತು.

"ಎಷ್ಟ್ ದಿನ ಇಡೀತು?"

ನಂಜೇಶನಿಗೆ ಯಾರ ದನಿಯೂ ಒದಗಲಿಲ್ಲ. ತನ್ನ ಸ್ವಂತ ದನಿಯಲ್ಲಿ, "ಆರು ದಿನ," ಎಂದ.

"ಆರೇ ದಿನ್ವಾ!" ಚಿಕ್ಕಸ್ವಾಮಿಯ ಭುಜ ಅಲುಗಿತು. "ನಂಗೆ ನಾಕು ತಿಂಗ್ಳು ಕಣ್ಲಾ."

ನಂಜೇಶ ಕಣ್ಣು ಬಿಟ್ಟು ನಿಂತ.

"ಅವ್ಳು ಹೋದ ಮೂರ್ನೇ ದಿನ ನನ್ ಕೈಯಿಂದ್ಲೇ ಜಾರಿ ಬಿತ್ತು. ಇದೊಂದ್ ಕಡೆ, ಸೆಲ್ ಒಂದ್ ಕಡೆ. ಶಾಲಿನಿ ಒಳಗೆ ಮಲಗಿದ್ಲು, ನೋಡ್ಲಿಲ್ಲ. ಎಂಗೋ ಮುಚ್ಚಿಟ್ಕೊಂಡು, ಅವ್ಳ ಸ್ಕೋರೇ ಬರೋಗಂಟ ದಿನಾ ಈ ಕೊಟ್ಗೇಲೇ ಕುಂತು ಆಡ್ದೆ. ನೇಗ್ಲು ಇಡ್ದ ಕೈ ಕಣಪ್ಪ ಇದು. ಆ ಎಡಗಡೆ ಬಟನ್ನು ಯಾರು ಸವೆಸಿದ್ದು ಅಂದ್ಕಂಡೆ? ಅವ್ಳು ಒತ್ತಿದ್ದಾ? ಹೂ ಮುಟ್ದಂಗೆ ಮುಟ್ಟೋಳು." ಹೆಬ್ಬೆರಳಿನಲ್ಲಿ ಆ ಬಟನ್ನನ್ನು ಸವರಿದರು. "ಅವ್ಳ್ ಜತೆ ಒಂದಾಟ ಆಡಿದ್ರೆ ಆಗ್ತಿತ್ತು. ಬಯ್ಯೋದ್ರಲ್ಲೇ ಕಳುದ್ಬುಟ್ಟೆ."

ಒಳಗಿನಿಂದ ಶಾಲಿನಿ ಎಡೆಯ ತಟ್ಟೆ ಹಿಡಿದು ಬಂದಳು. ಅಪ್ಪನ ಕೈಯಲ್ಲಿದ್ದುದನ್ನು ಬಗ್ಗಿ ನೋಡಿದಳು. ಮುಖ ಸಡಿಲವಾಯಿತು.

"ಅವ್ವಂದು ಅಂಗೇ ಅದೆ, ಅಲ್ವ ಅಪ್ಪಯ್ಯ? ಇವ್ರು ಯಾರು?"

ನಂಜೇಶ ತಲೆ ತಗ್ಗಿಸಿದ. ಈಗ ಹೇಳಿಬಿಡುತ್ತಾರೆ ಎಂದುಕೊಂಡ.

"ಇವ್ರಾ?" ಚಿಕ್ಕಸ್ವಾಮಿ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. "ಡಾಕ್ಟ್ರು ಕಣವ್ವ. ನಂಜನಗೂಡ್ನೋರು. ಕೈಲಾದ ಪ್ರಯತ್ನ ಎಲ್ಲಾ ಮಾಡವ್ರೆ."

ಶಾಲಿನಿ ಅರ್ಥವಾಗದೆ ನಕ್ಕಳು. ನಂಜೇಶನಿಗೂ ಅಳುವಿನ ಜೊತೆಗೆ ಒಂದು ನಗು ಬಂತು. ಅವರಿಬ್ಬರ ದನಿಯನ್ನೂ ಮುಳುಗಿಸಿ, ಕೊಟ್ಟಿಗೆಯ ಹಸು ತಲೆಯೆತ್ತಿ ನೋಡುವಷ್ಟು ಜೋರಾಗಿ, ಚಿಕ್ಕಸ್ವಾಮಿ ನಕ್ಕರು.