ಟೇಪು ಹಿಡಿದು ಹೆಚ್ಚಿದ ಈರುಳ್ಳಿ

“ಬಾಡಿಸೋದು ಅಂದ್ರೆ ಎಷ್ಟು ಹೊತ್ತಪ್ಪಾ?” ಒಲೆಯ ಮುಂದೆ ನಿಂತ ದರ್ಜಿ ಯಾರನ್ನೂ ನೋಡದೆ ಕೇಳಿದ.

ಹೆಂಡತಿಯ ಬಲಗೈಗೆ ಪ್ಲಾಸ್ಟರ್ ಹಾಕಿ ಮೂರು ದಿನವಾಗಿತ್ತು. ಮಧ್ಯಾಹ್ನ ಊಟಕ್ಕೆ ಬರುವ ಮಗಳಿಗೆ “ಈ ಸಲ ನನ್ನ ಕೈಯಡುಗೆ” ಎಂದು ಅವನು ಫೋನಿನಲ್ಲಿ ಜಂಭ ಕೊಚ್ಚಿದ್ದ. “ನಿಮಗೆ ನೀರು ಕಾಯಿಸೋಕೂ ಬರಲ್ಲ” ಎಂದು ಮಗಳು ನಕ್ಕಿದ್ದು ಸೂಜಿಯಂತೆ ಚುಚ್ಚಿತ್ತು. ಅದಕ್ಕೇ ಟೇಪು ಹಿಡಿದು, ಈರುಳ್ಳಿಯ ಒಂದೊಂದು ಹೋಳನ್ನೂ ಕಾಲಿಂಚಿಗೆ ಸರಿಯಾಗಿ ಹೆಚ್ಚಿದ್ದ. ಅಷ್ಟರಲ್ಲಿ ಎಣ್ಣೆ ಹೊಗೆಯಾಡಿತು. ಈರುಳ್ಳಿ ಬಿದ್ದದ್ದೇ ತಡ, ಕಪ್ಪಾಯಿತು.

“ಅದಕ್ಕೇನು ಅಂಗಿ ಹೊಲೀತೀರಾ?” ಬಾಗಿಲಲ್ಲಿ ಕುಳಿತ ಹೆಂಡತಿ ಕಿಸಕ್ಕೆಂದಳು. “ಗಡಿಯಾರ ನೋಡ್ಬೇಡಿ ರೀ. ಉರಿ ಸಣ್ಣ ಮಾಡಿ. ಹಸಿ ವಾಸನೆ ಹೋಗಿ, ವಾಯಿಲ್ ಬಟ್ಟೆ ಥರ ಆಚೆ ಕಾಣೋ ಹಾಗಾಗ್ಬೇಕು. ಅದೇ ಬಾಡೋದು.”

ಅವನು ಬೇರೆ ಈರುಳ್ಳಿಯನ್ನು ಅಳೆಯದೆಯೇ ಹೆಚ್ಚಿ ಬಾಣಲೆಗೆ ಹಾಕಿದ. ಅದು ಮೆಲ್ಲಗೆ ಹೊಳೆಯತೊಡಗಿದಾಗ ಗೇಟಿನ ಸದ್ದಾಯಿತು.

“ಬಂದ್ಳು ಕಣೇ! ಎಡಗೈಲಾದ್ರೂ ಒಂದ್ಸಲ ಕೈಯಾಡಿಸೇ, ಕೆಟ್ಟು ಹೋದೀತು.” ಸೌಟು ಚಾಚಿದ.

ಅವಳು ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. “ಆಗಲ್ಲ. ಅವಳು ಬಂದಿರೋದು ನಿಮ್ಮ ಕೈಯಡುಗೆ ಉಣ್ಣೋಕೆ. ನಾನು ಸೌಟು ಮುಟ್ಟಲ್ಲ.”