ಗಟ್ಟಿ ನೀರು

ಚಮಚ ಬಾಯಿಯ ಹತ್ತಿರ ಬರುತ್ತಿದ್ದಂತೆ ಹೆಂಡತಿ ಮತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು. ಮೇಷ್ಟ್ರು ಚಮಚವನ್ನು ಲೋಟಕ್ಕೆ ಇಳಿಸಿ ಕುರ್ಚಿಗೆ ಒರಗಿದರು. ಬೆಳಗಿನಿಂದ ಇದು ಐದನೆಯ ಸಲ.

ಅವಳಿಗೆ ಲಕ್ವ ಹೊಡೆದು ಆರು ವಾರವಾಗಿತ್ತು. ಬಲಗೈ ಏಳುತ್ತಿರಲಿಲ್ಲ. ಬರೀ ನೀರು ಕುಡಿದರೆ ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಪುಡಿ ಕಲಸಿ ಗಟ್ಟಿ ಮಾಡಿಯೇ ಕುಡಿಸಬೇಕು ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದ್ದರು. ನಿನ್ನೆಯಿಂದ ಅವಳು ಅದನ್ನು ಮುಟ್ಟಿರಲಿಲ್ಲ. ಸಂಜೆಯೊಳಗೆ ಕುಡಿಯದಿದ್ದರೆ ಮೂಗಿಗೆ ನಳಿಗೆ ಹಾಕಬೇಕಾದೀತು ಎಂದು ನರ್ಸು ಎಚ್ಚರಿಸಿ ಹೋಗಿದ್ದಳು.

ಮೇಷ್ಟ್ರು ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಮೂವತ್ತು ವರ್ಷ ಅವರು ತಲೆ ಕೆಡಿಸಿಕೊಂಡದ್ದೆಲ್ಲ ಇಂಥ ದ್ರವಗಳಿಗಾಗಿಯೇ. ಸುಮ್ಮನೆ ಬಿಟ್ಟರೆ ಗಟ್ಟಿ, ಕಲಕಿದರೆ ತೆಳು. ದೂಡುವ ಬಲ ಎರಡರಷ್ಟಾದರೆ ಹರಿವು ಎಂಟರಷ್ಟಾದೀತು. ಆ ಲೆಕ್ಕದಲ್ಲಿ ಎಷ್ಟೋ ಊಟ ತಣ್ಣಗಾಗಿದ್ದವು. ಹೆಂಡತಿ ಪೋಸ್ಟಾಫೀಸಿನ ಕೌಂಟರಿನಿಂದ ದಣಿದು ಬಂದು, ಊಟದ ಮೇಜಿನ ಮೇಲೆ ಹರಡಿದ್ದ ಅವರ ಕಾಗದಗಳನ್ನು ಎತ್ತಿಡುತ್ತಿದ್ದಳೇ ಹೊರತು ಅವುಗಳಲ್ಲೇನಿದೆ ಎಂದು ಕೇಳಿದವಳಲ್ಲ. ಅವರೂ ಹೇಳಿದವರಲ್ಲ.

ಇವತ್ತು ಹೇಳಿದರು, ಬೇರೆ ಮಾತು ತೋಚದೆ. ಬರೀ ನೀರು ನುಗ್ಗಿಬಿಡುತ್ತದೆ, ನಿನ್ನ ಗಂಟಲು ಬಾಗಿಲು ಹಾಕುವಷ್ಟರಲ್ಲಿ ಒಳಗಿರುತ್ತದೆ. ಇದು ನಾಲಿಗೆ ಒತ್ತಿದಾಗ ಮಾತ್ರ ಸಡಿಲಾಗುತ್ತದೆ, ನಿನಗಾಗಿ ಕಾಯುತ್ತದೆ ಎಂದರು.

ಅವಳು ಮುಖ ಇತ್ತ ತಿರುಗಿಸಿದಳು. "ಇಷ್ಟು ವರ್ಷ... ಇದನ್ನೇನಾ ನೀವು ಮಾಡ್ತಿದ್ದಿದ್ದು?" ನಾಲಿಗೆ ತೊದಲುತ್ತಿತ್ತು.

"ಹೂಂ. ಇದನ್ನೇ."

"ಕುಡಿದು ನೋಡಿದೀರಾ?"

ಮೇಷ್ಟ್ರು ಲೋಟ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಅದು ಲೋಳೆಲೋಳೆಯಾಗಿ, ರುಚಿಯೇ ಇಲ್ಲದೆ, ನಾಲಿಗೆಯ ಮೇಲೆ ಠಿಕಾಣಿ ಹೂಡಿತು. ಎರಡು ಸಲ ಪ್ರಯತ್ನಿಸಿದ ಮೇಲೆ ಇಳಿಯಿತು. ಮುಖ ಕಿವುಚಿಕೊಂಡರು.

"ಇದನ್ನ ಇಷ್ಟು ದಿನ ಹೇಗೆ ಕುಡಿದೆಯೇ?"

"ನೀವು ಕೊಡ್ತಿದ್ರಿ," ಎಂದಳು. "ಕುಡೀತಿದ್ದೆ."

ಮೇಷ್ಟ್ರು ತಲೆ ತಗ್ಗಿಸಿದರು. ಕಣ್ಣು ಮುಚ್ಚಿದರೆ ಕೂತಲ್ಲೇ ನಿದ್ದೆ ಹತ್ತುವಷ್ಟು ಸುಸ್ತಾಗಿತ್ತು. ಹಾಸಿಗೆಯಿಂದ ಅವಳ ಎಡಗೈ ಮುಂದೆ ಬಂತು. ಲೋಟ ಬೇಕೇನೋ ಎಂದು ಅವರು ಅದನ್ನು ಹತ್ತಿರ ಹಿಡಿದರು. ಕೈ ಲೋಟವನ್ನು ದಾಟಿ ಬಂದು, ಅವರ ಮೀಸೆಗೆ ಅಂಟಿದ್ದ ದಪ್ಪ ಹನಿಯನ್ನು ಹೆಬ್ಬೆರಳಿನಿಂದ ಒರೆಸಿತು. ಒಂದೇ ಸಲಕ್ಕೆ ಹೋಗಲಿಲ್ಲ, ಮತ್ತೊಮ್ಮೆ ಒರೆಸಿತು.

ಆಮೇಲೆ ಅವಳು ಬಾಯಿ ತೆರೆದಳು.