ಎಲ್ಲದಕ್ಕೂ ಹೂಂ ಎಂದವಳು

ಬಿಷಪ್ಪರು ಕೂರುವ ಚರ್ಚೆಂದರೆ ಭಾರಿ ದೊಡ್ಡದಿರಬೇಕು ಅಂದುಕೊಂಡಿದ್ದೆ. ನೋಡಿದರೆ ನಮ್ಮೂರು ಲುಗಾಂಗಿನ ಕಡಲಮ್ಮನ ಗುಡಿಯ ಅಡುಗೆಮನೆಯಷ್ಟೂ ಇಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅವರಿಟ್ಟಿದ್ದ ಒಳಚಪ್ಪಲಿ ಮೆಟ್ಟಿಕೊಂಡೆ. ಊದುಬತ್ತಿ ಚುಚ್ಚುವ ಪಾತ್ರೆ ಹುಡುಕಿದೆ, ಇರಲಿಲ್ಲ. ಯಾರಿಗೆ ಮೊದಲು ಕೈಮುಗಿಯಬೇಕೆಂದೇ ತಿಳಿಯಲಿಲ್ಲ.

ತೈವಾನಿನಿಂದ ಜಪಾನಿಗೆ ನಾನು ಬಂದದ್ದು ಊರು ನೋಡಲು ಅಲ್ಲ. ನನ್ನ ಮಗಳು ಯೀ-ಚುನ್ ಇಲ್ಲಿಯವನನ್ನು ಮದುವೆಯಾಗಿ, ಈ ದೇವರನ್ನೇ ನಂಬಿ, ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಅವಳ ಬೂದಿಯ ಭರಣಿ ಈ ಚರ್ಚಿನ ನೆಲಮಾಳಿಗೆಯಲ್ಲಿತ್ತು. ಅದನ್ನು ಒಯ್ಯುವುದೋ ಬಿಡುವುದೋ ನೀವೇ ಹೇಳಿ ಎಂದು ಅಳಿಯ ತೊಶಿಯಾ ನನ್ನ ತಲೆಗೆ ಕಟ್ಟಿದ್ದ. ಹೇಳಲು ನಾನ್ಯಾರು? ಅವಳನ್ನೇ ಕೇಳಬೇಕು. ಅದಕ್ಕೇ, ನಮ್ಮಲ್ಲಿ ದೇವರನ್ನೂ ಸತ್ತವರನ್ನೂ ಕೇಳಲು ಎಸೆಯುವ, ಅರ್ಧಚಂದ್ರದ ಆಕಾರದ ಎರಡು ಮರದ ತುಂಡು ತಂದಿದ್ದೆ. ಎಸೆದಾಗ ಒಂದು ಕವುಚಿ, ಒಂದು ಅಂಗಾತ ಬಿದ್ದರೆ ಹೂಂ ಎಂದರ್ಥ.

ಮೇರಿಯಮ್ಮನ ಮುಂದೆ ಮಂಡಿಯೂರಿ, ಕಣ್ಣು ಮುಚ್ಚಿ, "ಮನೆಗೆ ಬರ್ತೀಯಾ ಮಗಳೇ?" ಎಂದು ಎಸೆದೆ. ಕಣ್ಣು ಬಿಡುವಷ್ಟರಲ್ಲಿ ಹಿಂದೆ ನಿಂತಿದ್ದ ಅಳಿಯ ಓಡಿಬಂದು ಎರಡನ್ನೂ ಹೆಕ್ಕಿ, ಒರೆಸಿ, ಸೊಂಟ ಬಗ್ಗಿಸಿ ನನ್ನ ಕೈಗಿಟ್ಟ.

"ಬಿದ್ದೋಯ್ತು, ಅಮ್ಮ," ಅಂದ, ಮಗಳು ಕಲಿಸಿದ ನಮ್ಮ ಮಾತಿನಲ್ಲಿ.

"ಬೀಳ್ಲಿಲ್ಲ ಕಣಪ್ಪಾ, ನಾನೇ ಎಸೆದಿದ್ದು! ಅವಳು ಏನಂದ್ಲು ಅಂತ ನೋಡೋಕೂ ಬಿಡ್ಲಿಲ್ವಲ್ಲ, ಪುಣ್ಯಾತ್ಮ!"

ಸಂಗತಿ ಬಿಡಿಸಿ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಮತ್ತೆ ಎಸೆದೆ. ಹೂಂ ಅಂದಳು.

"ನಾನೂ ಕೇಳ್ಲಾ?" ಅಂದ. ತುಂಡುಗಳನ್ನು ಅವನ ಕೈಗಿಟ್ಟೆ. ನನ್ನ ಹಾಗೇ ಮಂಡಿಯೂರಿ, "ಇಲ್ಲೇ, ನನ್ನ ಹತ್ರಾನೇ ಇರ್ತೀಯಾ?" ಎಂದು ಎಸೆದ. ಅದಕ್ಕೂ ಹೂಂ.

ನನಗೆ ತಲೆ ಕೆಟ್ಟುಹೋಯಿತು. ಈ ದೇವರ ಮನೆಯಲ್ಲಿ ನಮ್ಮ ಮರದ ತುಂಡು ನಡೆಯುವುದಿಲ್ಲವೋ, ಅವನು ಎಸೆದದ್ದು ಸರಿಯಿಲ್ಲವೋ, ನನ್ನ ಮಗಳಿಗೇ ಗೊಂದಲವೋ? ಯಾರ ಹೂಂ ನಿಜವೆಂದು ಹಿಡಿಯಲಿ? ಮೇರಿಯಮ್ಮನ ಮುಖ ನೋಡಿದೆ. ಕೊನೆಗೆ ತುಂಡು ಕೈಗೆತ್ತಿಕೊಂಡು ಮಗಳನ್ನು ಬೇರೆಯದನ್ನೇ ಕೇಳಿದೆ.

"ಅದೆಲ್ಲ ಇರ್ಲಿ. ಇಲ್ಲಿ ಚೆನ್ನಾಗಿದ್ದೀಯೇನೇ?"

ಹೂಂ.

ತೊಶಿಯಾ ಅತ್ತೇಬಿಟ್ಟ. "ನೋಡಿ ಅಮ್ಮ, ಚೆನ್ನಾಗಿದ್ದಾಳಂತೆ. ಇಲ್ಲೇ ಬಿಡೋಣ."

ನನಗೂ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಅವಳು ಆಸ್ಪತ್ರೆಯಲ್ಲಿ ಎದ್ದು ಕೂರಲೂ ಆಗದೆ ಮಲಗಿದ್ದಾಗ, ಚೆನ್ನಾಗಿದ್ದೀಯೇನೇ ಎಂದು ಫೋನಿನಲ್ಲಿ ಇದನ್ನೇ ಕೇಳಿದ್ದೆ. ಆಗಲೂ ಹೂಂ ಅಂದಿದ್ದಳು.

"ನಡಿಯಪ್ಪಾ ಕೆಳಗೆ," ಅಂದೆ. "ನಾನು ಅವಳನ್ನ ಕರ್ಕೊಂಡು ಹೋಗ್ತೀನಿ."